ವಿಲ್ಹೆಲ್ಮ್ ಮೇಬ್ಯಾಕ್

ವಿಲ್ಹೆಲ್ಮ್ ಮೇಬ್ಯಾಕ್ (9 ಫೆಬ್ರವರಿ 1846 – 29 ಡಿಸೆಂಬರ್ 1929) ಜರ್ಮನಿಯ ಎಂಜಿನ್ ವಿನ್ಯಾಸಕರು. ಕಾರ್ಖಾನೆಯ ನೆಲಕ್ಕೆ ಬಿಗಿಯಲ್ಪಟ್ಟಿದ್ದ ಭಾರವಾದ ಅಂತರ್ದಹನ ಎಂಜಿನ್ನನ್ನು ವಾಹನವೊಂದು ಹೊತ್ತು ಓಡಬಲ್ಲ ಸಣ್ಣ, ಹಗುರ, ವೇಗದ ಯಂತ್ರವನ್ನಾಗಿ ರೂಪಿಸಿದವರಲ್ಲಿ ಇವರು ಪ್ರಮುಖರು. ಸಿಂಪರಣೆ ಮಾದರಿಯ ಕಾರ್ಬ್ಯುರೇಟರ್, ಜೇನುಗೂಡು ರೇಡಿಯೇಟರ್ ಹಾಗೂ ಮೊದಲ ಮರ್ಸಿಡಿಸ್ ಕಾರು ಇವರ ಮುಖ್ಯ ಕೊಡುಗೆಗಳು. ಗಾಟ್ಲೀಬ್ ಡೈಮ್ಲರ್ ಅವರ ಜೊತೆಗಾರರಾಗಿ ಮೂರೂವರೆ ದಶಕ ದುಡಿದ ಮೇಬ್ಯಾಕ್ ಅವರ ಅನೇಕ ವಿನ್ಯಾಸಗಳು ಡೈಮ್ಲರ್ ಅವರ ಹೆಸರಿನಲ್ಲಿಯೇ ಪೇಟೆಂಟ್ ಪಡೆದವು. ಆದ್ದರಿಂದ ಇಬ್ಬರ ಪಾಲನ್ನು ಬೇರ್ಪಡಿಸಿ ಹೇಳುವುದು ಇತಿಹಾಸಕಾರರಿಗೆ ಸುಲಭವಾಗಿಲ್ಲ. ಜರ್ಮನ್ ಉಚ್ಚಾರಣೆಯಲ್ಲಿ ಇವರ ಹೆಸರು ಮೈಬಾಖ್ ಎಂಬುದಕ್ಕೆ ಹತ್ತಿರವಾಗಿದ್ದರೂ ಭಾರತದಲ್ಲಿ ಮೇಬ್ಯಾಕ್ ಎಂಬ ರೂಪವೇ ರೂಢಿಯಲ್ಲಿದೆ.

ಬಾಲ್ಯ ಮತ್ತು ಶಿಕ್ಷಣ

ಮೇಬ್ಯಾಕ್ ಜನಿಸಿದ್ದು ಅಂದಿನ ವ್ಯುರ್ಟೆಂಬರ್ಗ್ ರಾಜ್ಯದ ಹೈಲ್‌ಬ್ರಾನ್ ಪಟ್ಟಣದಲ್ಲಿ. ತಂದೆ ಬಡಗಿ. ಕುಟುಂಬವು ಸ್ಟುಟ್‌ಗಾರ್ಟ್‌ಗೆ ಬಂದು ನೆಲೆಸಿದ ಕೆಲವೇ ವರ್ಷಗಳಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹತ್ತನೆಯ ವಯಸ್ಸಿಗೆ ಅನಾಥನಾದ ಬಾಲಕನಿಗೆ ಆಶ್ರಯ ಕೋರಿ ಬಂಧುಗಳು ಸ್ಥಳೀಯ ಪತ್ರಿಕೆಯೊಂದರಲ್ಲಿ ಪ್ರಕಟಣೆ ನೀಡಿದರು. ರಾಯ್ಟ್‌ಲಿಂಗನ್ ಪಟ್ಟಣದಲ್ಲಿ ಗುಸ್ಟಾಫ್ ವೆರ್ನರ್ ಎಂಬ ಧರ್ಮೋಪದೇಶಕರು ಸ್ಥಾಪಿಸಿದ್ದ ಬ್ರೂಡರ್‌ಹೌಸ್ ಎಂಬ ಅನಾಥಾಶ್ರಮ ಆತನನ್ನು ಸೇರಿಸಿಕೊಂಡಿತು.

ಈ ಆಶ್ರಮವು ಮಕ್ಕಳಿಗೆ ಅನ್ನವಸತಿಗಳ ಜೊತೆಗೆ ಕಸುಬನ್ನೂ ಕಲಿಸುತ್ತಿತ್ತು. ಅದಕ್ಕೆ ಸ್ವಂತ ಯಂತ್ರ ಕಾರ್ಖಾನೆಯೇ ಇತ್ತು. ಬಾಲಕನ ಚಿತ್ರರಚನೆಯ ಕೌಶಲವನ್ನು ಗಮನಿಸಿದ ವೆರ್ನರ್, ಹದಿನೈದನೆಯ ವಯಸ್ಸಿನಲ್ಲಿ ಅವನನ್ನು ಕಾರ್ಖಾನೆಯ ನಕ್ಷೆ ಕೊಠಡಿಗೆ ಕಳುಹಿಸಿದರು. ಹಗಲು ನಕ್ಷೆ ಬರೆಯುವ ಕೆಲಸ, ಬಿಡುವಿನಲ್ಲಿ ಭೌತಶಾಸ್ತ್ರ ಮತ್ತು ಗಣಿತದ ಪಾಠ. ಮೇಬ್ಯಾಕ್ ಅವರ ಔಪಚಾರಿಕ ವಿದ್ಯಾಭ್ಯಾಸ ಇಷ್ಟೇ. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಅವರು ವಿದ್ಯಾರ್ಥಿಯಾಗಿ ಹತ್ತಲಿಲ್ಲ.

1863ರಲ್ಲಿ ಗಾಟ್ಲೀಬ್ ಡೈಮ್ಲರ್ ಈ ಕಾರ್ಖಾನೆಯ ಮೇಲ್ವಿಚಾರಕರಾಗಿ ಬಂದರು. ತಮಗಿಂತ ಹನ್ನೆರಡು ವರ್ಷ ಕಿರಿಯನಾದ ಈ ಯುವಕನ ಸಾಮರ್ಥ್ಯವನ್ನು ಗುರುತಿಸಿದ ಡೈಮ್ಲರ್, ಮುಂದೆ ತಾವು ಹೋದಲ್ಲೆಲ್ಲ ಅವರನ್ನು ಕರೆಸಿಕೊಂಡರು. 1869ರಲ್ಲಿ ಕಾರ್ಲ್ಸ್‌ರೂಹೆಯ ಯಂತ್ರ ಕಾರ್ಖಾನೆಗೆ, 1872ರಲ್ಲಿ ಕೊಲೋನ್ ನಗರದ ಎದುರು ದಡದಲ್ಲಿದ್ದ ಡಾಯ್ಟ್ಸ್ ಗ್ಯಾಸ್ ಎಂಜಿನ್ ಕಾರ್ಖಾನೆಗೆ ಅವರು ಡೈಮ್ಲರ್ ಅವರನ್ನು ಹಿಂಬಾಲಿಸಿದರು.

ಡಾಯ್ಟ್ಸ್ ಕಾರ್ಖಾನೆಯಲ್ಲಿ

ಡಾಯ್ಟ್ಸ್ ಕಾರ್ಖಾನೆಯು ನಿಕೋಲಾಸ್ ಆಟೋ ಹಾಗೂ ಓಯ್ಗೆನ್ ಲಾಂಗೆನ್ ಅವರ ಸಂಸ್ಥೆ. ಡೈಮ್ಲರ್ ತಾಂತ್ರಿಕ ನಿರ್ದೇಶಕರಾದರೆ ಮೇಬ್ಯಾಕ್ 1873ರಿಂದ ಅಲ್ಲಿನ ಮುಖ್ಯ ವಿನ್ಯಾಸಕರಾದರು. 1876ರಲ್ಲಿ ಆಟೋ ಅವರು ನಾಲ್ಕು ಹೊಡೆತದ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿದರು. ಹೀರುವಿಕೆ, ಒತ್ತುವಿಕೆ, ದಹನ, ಹೊರಹಾಕುವಿಕೆ ಎಂಬ ಈ ಕ್ರಮವೇ ಇಂದಿಗೂ ನಮ್ಮ ಬೈಕು, ಕಾರುಗಳ ಎಂಜಿನ್‌ಗಳಲ್ಲಿ ನಡೆಯುತ್ತಿದೆ. ಆಟೋ ಅವರ ಪ್ರಾಯೋಗಿಕ ಯಂತ್ರವನ್ನು ನೂರಾರು ಸಂಖ್ಯೆಯಲ್ಲಿ ತಯಾರಿಸಿ ಮಾರಬಹುದಾದ ಸರಕನ್ನಾಗಿ ಮಾರ್ಪಡಿಸಿದ ಕೆಲಸ ಮೇಬ್ಯಾಕ್ ಅವರದು.

ಆದರೆ ಆ ಎಂಜಿನ್ ವಾಹನಕ್ಕೆ ಒಗ್ಗುವಂತಿರಲಿಲ್ಲ. ನಗರದ ಕೊಳವೆಯಿಂದ ಬರುವ ಕಲ್ಲಿದ್ದಲ ಅನಿಲವೇ ಅದರ ಇಂಧನ. ಅದು ನಿಮಿಷಕ್ಕೆ 120ರಿಂದ 180 ಸುತ್ತು ಮಾತ್ರ ತಿರುಗುತ್ತಿತ್ತು. ಎಂಜಿನ್ನಿನ ಶಕ್ತಿಯು ಪ್ರತಿ ದಹನದ ಬಲವನ್ನೂ ನಿಮಿಷಕ್ಕೆ ನಡೆಯುವ ದಹನಗಳ ಸಂಖ್ಯೆಯನ್ನೂ ಅವಲಂಬಿಸಿರುತ್ತದೆ. ಸುತ್ತು ಕಡಿಮೆಯಿದ್ದರೆ ಅಷ್ಟೇ ಶಕ್ತಿ ಪಡೆಯಲು ಸಿಲಿಂಡರ್ ದೊಡ್ಡದಾಗಬೇಕು, ಅದರೊಂದಿಗೆ ಎರಕದ ಕಬ್ಬಿಣವೂ ಹೆಚ್ಚಬೇಕು. ಹಗುರವಾದ ಎಂಜಿನ್ ಬೇಕೆಂದರೆ ಅದು ವೇಗವಾಗಿ ತಿರುಗಲೇಬೇಕು. ವೇಗಕ್ಕೆ ಮೊದಲ ಅಡ್ಡಿ ಇದ್ದದ್ದು ಜ್ವಲನ ವ್ಯವಸ್ಥೆಯಲ್ಲಿ. ಡಾಯ್ಟ್ಸ್ ಎಂಜಿನ್ನಿನಲ್ಲಿ ಜಾರು ಕವಾಟವೊಂದು ಹೊರಗಿನ ಜ್ವಾಲೆಯನ್ನು ಪ್ರತಿ ಬಾರಿಯೂ ಸಿಲಿಂಡರಿನೊಳಕ್ಕೆ ಒಯ್ಯುತ್ತಿತ್ತು. ಈ ಕ್ರಿಯೆಯನ್ನು ಒಂದು ಮಿತಿ ಮೀರಿ ತ್ವರಿತಗೊಳಿಸುವಂತಿರಲಿಲ್ಲ. ಎರಡನೆಯ ಅಡ್ಡಿ ಇಂಧನ. ಗಾಡಿಯೊಂದು ನಗರದ ಅನಿಲ ಕೊಳವೆಯನ್ನು ಎಳೆದುಕೊಂಡು ಹೋಗಲಾರದು. ಈ ಎರಡನೆಯ ತೊಡಕಿನ ಬಗ್ಗೆ ಮೇಬ್ಯಾಕ್ ಆಗಲೇ ಯೋಚಿಸತೊಡಗಿದ್ದರು. ಪೆಟ್ರೋಲಿನಲ್ಲಿ ನೆನೆಸಿದ ಒರಸುವ ನೂಲನ್ನು ಎಂಜಿನ್ನಿನ ಗಾಳಿಯ ಬಾಯಿಗೆ ಹಿಡಿದು, ಅದರ ಆವಿಯಿಂದಲೇ ಎಂಜಿನ್ ಓಡುವುದನ್ನು ಅವರು ಡಾಯ್ಟ್ಸ್‌ನಲ್ಲಿ ಪರೀಕ್ಷಿಸಿ ನೋಡಿದ್ದರೆಂದು ಹೇಳಲಾಗುತ್ತದೆ.

1878ರಲ್ಲಿ ಮೇಬ್ಯಾಕ್ ಅವರು ಬೆರ್ಟಾ ಹಾಬರ್‌ಮಾಸ್ ಅವರನ್ನು ವಿವಾಹವಾದರು. ಮರುವರ್ಷ ಹಿರಿಯ ಮಗ ಕಾರ್ಲ್ ಜನಿಸಿದರು. ಕಾರ್ಲ್ ಮುಂದೆ ತಂದೆಯ ಹಾದಿಯಲ್ಲೇ ಎಂಜಿನ್ ವಿನ್ಯಾಸಕರಾದರು.

ಕಾನ್‌ಸ್ಟಾಟ್‌ನ ಗಾಜಿನ ಮನೆ

ಆಟೋ ಮತ್ತು ಡೈಮ್ಲರ್ ಅವರ ನಡುವೆ ಹೊಂದಾಣಿಕೆ ಇರಲಿಲ್ಲ. 1882ರಲ್ಲಿ ಡೈಮ್ಲರ್ ಡಾಯ್ಟ್ಸ್ ಬಿಟ್ಟು ಸ್ಟುಟ್‌ಗಾರ್ಟ್ ಸಮೀಪದ ಕಾನ್‌ಸ್ಟಾಟ್‌ನಲ್ಲಿ ಮನೆಯೊಂದನ್ನು ಕೊಂಡರು. ಸುರಕ್ಷಿತವಾದ ಹುದ್ದೆಯನ್ನು ತೊರೆದು ಮೇಬ್ಯಾಕ್ ಸಹ ಅಲ್ಲಿಗೆ ಬಂದರು. ತೋಟದಲ್ಲಿದ್ದ ಗಾಜಿನ ಸಸ್ಯಗೃಹವನ್ನು ವಿಸ್ತರಿಸಿ ಕಾರ್ಯಾಗಾರ ಮಾಡಿಕೊಂಡರು. ಕೆಲಸ ಗುಟ್ಟಾಗಿ ನಡೆಯುತ್ತಿತ್ತು. ಹಗಲಿರುಳು ಲೋಹ ಬಡಿಯುವ ಸದ್ದು ಕೇಳಿ, ಇವರು ಖೋಟಾ ನಾಣ್ಯ ಅಚ್ಚು ಹಾಕುತ್ತಿದ್ದಾರೆಂದು ಶಂಕಿಸಿದ ತೋಟಗಾರ ಪೊಲೀಸರಿಗೆ ತಿಳಿಸಿದನೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಒಳಹೊಕ್ಕ ಪೊಲೀಸರಿಗೆ ಕಂಡದ್ದು ಎಂಜಿನ್ನುಗಳು ಮಾತ್ರ.

ಜ್ವಲನದ ತೊಡಕಿಗೆ ಮೇಬ್ಯಾಕ್ ಆರಿಸಿಕೊಂಡ ಪರಿಹಾರವೆಂದರೆ ಬಿಸಿ ನಳಿಕೆ. ಸಿಲಿಂಡರಿನೊಳಕ್ಕೆ ತೆರೆದುಕೊಂಡಿರುವ ಸಣ್ಣ ನಳಿಕೆಯೊಂದನ್ನು ಹೊರಗಿನಿಂದ ದೀಪದ ಜ್ವಾಲೆಯಿಂದ ಸದಾ ಕೆಂಪಗೆ ಕಾಯಿಸಲಾಗುತ್ತದೆ. ಪಿಸ್ಟನ್ ಮೇಲೇರಿ ಮಿಶ್ರಣವನ್ನು ಒತ್ತಿದಾಗ ಅದು ನಳಿಕೆಯೊಳಕ್ಕೆ ನುಗ್ಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಲ್ಲಿ ಚಲಿಸುವ ಭಾಗವೇ ಇಲ್ಲ, ಆದ್ದರಿಂದ ವೇಗಕ್ಕೆ ಜ್ವಲನದ ಅಡ್ಡಿಯೂ ಇಲ್ಲ. ಬಿಸಿ ನಳಿಕೆಯ ಕಲ್ಪನೆ ಹೊಸದಾಗಿರಲಿಲ್ಲ, ಅದಕ್ಕೆ ಮೊದಲೇ ಬೇರೆಯವರು ಪೇಟೆಂಟ್ ಪಡೆದಿದ್ದರು. ವೇಗದ ಎಂಜಿನ್ನಿನಲ್ಲಿ ಅದನ್ನು ನಂಬಿಕೆಗೆ ಅರ್ಹವಾಗುವಂತೆ ದುಡಿಸಿದ್ದು ಕಾನ್‌ಸ್ಟಾಟ್‌ನ ಸಾಧನೆ. ಇದರ ಪೇಟೆಂಟ್ 1883ರ ಡಿಸೆಂಬರ್ 16ರಂದು ದಾಖಲಾಯಿತು, ಡೈಮ್ಲರ್ ಅವರ ಹೆಸರಿನಲ್ಲಿ. ಈ ಪ್ರಾಯೋಗಿಕ ಎಂಜಿನ್ ನಿಮಿಷಕ್ಕೆ 600 ಸುತ್ತುಗಳ ಮಟ್ಟವನ್ನು ಮುಟ್ಟಿತು. ಡಾಯ್ಟ್ಸ್ ಎಂಜಿನ್ನಿಗೆ ಹೋಲಿಸಿದರೆ ಇದು ಮೂರು ಪಟ್ಟಿಗೂ ಹೆಚ್ಚು.

ಅಜ್ಜನ ಗಡಿಯಾರ ಎಂಜಿನ್

1885ರ ಏಪ್ರಿಲ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಲಂಬ ಸಿಲಿಂಡರಿನ ಎಂಜಿನ್ನಿಗೆ, ನೋಡಲು ಹಳೆಯ ನಿಲುಗಡಿಯಾರದಂತಿದ್ದುದರಿಂದ, ಅಜ್ಜನ ಗಡಿಯಾರ ಎಂಬ ಅಡ್ಡಹೆಸರು ಬಂದಿತು. ಸಣ್ಣ ಎಂಜಿನ್ನುಗಳ ಇತಿಹಾಸದಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಅದರ ಕ್ರ್ಯಾಂಕ್ ದಂಡ ಮತ್ತು ಫ್ಲೈವೀಲ್‌ಗಳನ್ನು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಇರಿಸಲಾಗಿತ್ತು. ಇದರಿಂದ ಎಣ್ಣೆ ಒಳಗೇ ಉಳಿದು ಭಾಗಗಳನ್ನು ನೆನೆಸುತ್ತಿತ್ತು, ರಸ್ತೆಯ ಧೂಳು ಹೊರಗೇ ಉಳಿಯುತ್ತಿತ್ತು. ಒಳಹರಿವಿನ ಕವಾಟ ಪಿಸ್ಟನ್ನಿನ ಹೀರುವಿಕೆಗೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಹೊರಹರಿವಿನ ಕವಾಟವನ್ನು ಮಾತ್ರ ತಿರುಗುವ ಚಕ್ರದಲ್ಲಿ ಕೊರೆದ ವಕ್ರ ಕಾಲುವೆಯೊಂದು ಎತ್ತುತ್ತಿತ್ತು. ಎಂಜಿನ್ ಅತಿವೇಗಕ್ಕೆ ಹೋದರೆ ಈ ಕವಾಟ ತೆರೆಯದೆ ಉಳಿಯುತ್ತಿತ್ತು. ಸುಟ್ಟ ಅನಿಲ ಒಳಗೇ ಉಳಿದಾಗ ಹೊಸ ಮಿಶ್ರಣಕ್ಕೆ ಜಾಗವಿಲ್ಲ, ವೇಗ ತಾನಾಗಿ ಇಳಿಯುತ್ತದೆ. ಬಹಳ ಸರಳವಾದ ಏರ್ಪಾಡು ಇದು.

ಇಂಧನವಾಗಿ ಪೆಟ್ರೋಲನ್ನೇ ಬಳಸಲಾಯಿತು. ಅಂದು ಅದು ಔಷಧದ ಅಂಗಡಿಗಳಲ್ಲಿ ಕಲೆ ತೆಗೆಯುವ ದ್ರವವಾಗಿ ಮಾರಾಟವಾಗುತ್ತಿತ್ತು. ಪೆಟ್ರೋಲ್ ತುಂಬಿದ ಪಾತ್ರೆಯ ಮೂಲಕ ಗಾಳಿಯನ್ನು ಹಾಯಿಸಿ ಆವಿಯನ್ನು ಪಡೆಯುವ ಕಾರ್ಬ್ಯುರೇಟರ್ ಒಂದನ್ನು ಮೇಬ್ಯಾಕ್ ರಚಿಸಿದರು. ಪೆಟ್ರೋಲಿನ ಮಟ್ಟ ಇಳಿದಂತೆಲ್ಲ ಮಿಶ್ರಣ ಬದಲಾಗದಂತೆ ಅದರಲ್ಲಿ ಒಂದು ತೇಲುಬುಂಡೆಯನ್ನು ಅಳವಡಿಸಿದರು.

ಈ ಎಂಜಿನ್ನಿನ ಅತಿ ಸಣ್ಣ ರೂಪದ ಸಿಲಿಂಡರ್ ಗಾತ್ರ 264 ಘನ ಸೆಂಟಿಮೀಟರ್, ಶಕ್ತಿ ಅರ್ಧ ಅಶ್ವಶಕ್ತಿ, ತೂಕ ಸುಮಾರು 60 ಕಿಲೋಗ್ರಾಂ. ಇದನ್ನು ಮರದ ಚೌಕಟ್ಟಿನ ದ್ವಿಚಕ್ರವೊಂದಕ್ಕೆ ಕೂರಿಸಿ, ಇಕ್ಕೆಲಗಳಲ್ಲಿ ಆಸರೆಗೆಂದು ಎರಡು ಪುಟ್ಟ ಚಕ್ರಗಳನ್ನು ಜೋಡಿಸಲಾಯಿತು. ರೈಟ್‌ವಾಗನ್ ಎಂದು ಕರೆಯಲಾದ ಈ ವಾಹನ ಜಗತ್ತಿನ ಮೊದಲ ಪೆಟ್ರೋಲ್ ಮೋಟಾರ್‌ಸೈಕಲ್ ಎಂದು ಪರಿಗಣಿತವಾಗಿದೆ. 1885ರ ನವೆಂಬರ್‌ನಲ್ಲಿ ಅದು ಕಾನ್‌ಸ್ಟಾಟ್‌ನಿಂದ ಉಂಟರ್‌ಟ್ಯುರ್ಕ್‌ಹೈಮ್‌ವರೆಗೆ ಸುಮಾರು 3 ಕಿ.ಮೀ. ದೂರ ಓಡಿತು. ಬಿಸಿ ನಳಿಕೆಯ ದೀಪ ಆಸನದ ಕೆಳಗೇ ಇದ್ದುದರಿಂದ ದಾರಿಯಲ್ಲಿ ಆಸನಕ್ಕೆ ಬೆಂಕಿ ತಗುಲಿತೆಂಬ ಕಥೆಯೂ ಉಂಟು. ಇದೇ ಕಾಲದಲ್ಲಿ ಕಾರ್ಲ್ ಬೆಂಝ್ ಮಾನ್‌ಹೈಮ್‌ನಲ್ಲಿ ತಮ್ಮ ಮೂರು ಚಕ್ರದ ಕಾರನ್ನು ರೂಪಿಸುತ್ತಿದ್ದರು. ಅವರ ಎಂಜಿನ್ 954 ಘನ ಸೆಂಟಿಮೀಟರ್ ಗಾತ್ರದ್ದಾಗಿದ್ದು ನಿಮಿಷಕ್ಕೆ ಸುಮಾರು 400 ಸುತ್ತು ತಿರುಗಿ ಮುಕ್ಕಾಲು ಅಶ್ವಶಕ್ತಿ ನೀಡುತ್ತಿತ್ತು. ಗಾತ್ರದಲ್ಲಿ ಅದರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾದ ಕಾನ್‌ಸ್ಟಾಟ್ ಎಂಜಿನ್ ಅದರ ಮೂರನೇ ಎರಡರಷ್ಟು ಶಕ್ತಿ ಕೊಡುತ್ತಿತ್ತು. ವೇಗದ ಲಾಭ ಏನೆಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ. ಆದರೆ ಪೂರ್ತಿ ವಾಹನವೊಂದನ್ನು ಎಂಜಿನ್ನಿನೊಂದಿಗೆ ಒಂದೇ ಘಟಕವಾಗಿ ಕಲ್ಪಿಸಿದ ಕೀರ್ತಿ ಬೆಂಝ್ ಅವರಿಗೇ ಸಲ್ಲಬೇಕು.

ಡೈಮ್ಲರ್ ಅವರಿಗೆ ಬೇಕಿದ್ದುದು ನೆಲ, ನೀರು, ಗಾಳಿ ಎಲ್ಲಕ್ಕೂ ಸಲ್ಲುವ ಎಂಜಿನ್. 1886ರಲ್ಲಿ ಕುದುರೆಗಾಡಿಯೊಂದಕ್ಕೂ ದೋಣಿಯೊಂದಕ್ಕೂ ಅದನ್ನು ಜೋಡಿಸಲಾಯಿತು. ಪೆಟ್ರೋಲ್ ಎಂದರೆ ಜನ ಹೆದರುತ್ತಿದ್ದ ಕಾಲ. ದೋಣಿಯ ಸುತ್ತ ತಂತಿ, ಪಿಂಗಾಣಿ ಗುಬಟೆಗಳನ್ನು ಜೋಡಿಸಿ ಅದು ವಿದ್ಯುತ್ತಿನಿಂದ ಓಡುತ್ತಿದೆಯೆಂಬ ಭಾವನೆ ಬರುವಂತೆ ಮಾಡಲಾಗಿತ್ತು.

1889ರಲ್ಲಿ ಎರಡು ಸಿಲಿಂಡರ್‌ಗಳನ್ನು 17 ಡಿಗ್ರಿ ಕೋನದಲ್ಲಿ ವಿ ಆಕಾರದಲ್ಲಿ ಜೋಡಿಸಿದ ಎಂಜಿನ್ ಸಿದ್ಧವಾಯಿತು. ಎಂಜಿನ್ನಿನ ಉದ್ದ ಹೆಚ್ಚದೆ ಶಕ್ತಿ ಹೆಚ್ಚಿತು. ಅದೇ ವರ್ಷ ಪ್ಯಾರಿಸ್ ಪ್ರದರ್ಶನದಲ್ಲಿ ಮೇಬ್ಯಾಕ್ ರೂಪಿಸಿದ ಉಕ್ಕಿನ ಚಕ್ರಗಳ ಕಾರನ್ನು ತೋರಿಸಲಾಯಿತು. ಗಾಡಿಗೆ ಎಂಜಿನ್ ತೂರಿಸುವುದರ ಬದಲು ಇಡೀ ವಾಹನವನ್ನು ಹೊಸದಾಗಿ ರಚಿಸಬೇಕೆಂಬ ಮೇಬ್ಯಾಕ್ ಅವರ ಹಟದ ಫಲ ಅದು. ಅದರ ಕೊಳವೆ ಚೌಕಟ್ಟಿನೊಳಗೇ ತಂಪು ನೀರು ಹರಿಯುತ್ತಿತ್ತು. ಈ ಎಂಜಿನ್ನಿನ ಪರವಾನಗಿ ಪಡೆದ ಪನಾರ್ ಎ ಲೆವಾಸೋರ್ ಸಂಸ್ಥೆಯ ಮೂಲಕ ಫ್ರಾನ್ಸಿನ ಕಾರು ಉದ್ಯಮ ಕಣ್ಣು ತೆರೆಯಿತು.

ಹೋಟೆಲಿನ ಸಭಾಂಗಣದಲ್ಲಿ

ಬಂಡವಾಳದ ಅಗತ್ಯದಿಂದ 1890ರ ನವೆಂಬರ್‌ನಲ್ಲಿ ಡೈಮ್ಲರ್ ಮೋಟೋರೆನ್ ಗೆಸೆಲ್‌ಶಾಫ್ಟ್ ಎಂಬ ಷೇರು ಸಂಸ್ಥೆ ಸ್ಥಾಪನೆಯಾಯಿತು. ಹಣ ಹೂಡಿದವರ ಒಲವು ವಾಹನಗಳಿಗಿಂತ ಸ್ಥಿರ ಎಂಜಿನ್ನುಗಳ ಕಡೆಗಿತ್ತು. ತಮಗೆ ಒಡ್ಡಿದ ಷರತ್ತುಗಳನ್ನು ಒಪ್ಪದ ಮೇಬ್ಯಾಕ್ 1891ರ ಫೆಬ್ರವರಿಯಲ್ಲಿ ಹೊರನಡೆದರು. ಡೈಮ್ಲರ್ ಅವರು ಸಂಸ್ಥೆಯಲ್ಲಿ ಉಳಿದುಕೊಂಡರೂ, ಸ್ವಂತ ಹಣದಿಂದ ಮೇಬ್ಯಾಕ್ ಅವರ ಪ್ರಯೋಗಗಳಿಗೆ ನೆರವಾದರು. ಮೊದಲು ಮೇಬ್ಯಾಕ್ ಅವರ ಮನೆಯಲ್ಲಿ, 1892ರ ಶರತ್ಕಾಲದಿಂದ ಕಾನ್‌ಸ್ಟಾಟ್‌ನಲ್ಲಿ ಮುಚ್ಚಿದ್ದ ಹರ್ಮನ್ ಹೋಟೆಲಿನ ಸಭಾಂಗಣದಲ್ಲಿ ಕೆಲಸ ಸಾಗಿತು. ಸಂಸ್ಥೆಯ ದೊಡ್ಡ ಕಾರ್ಖಾನೆಯಲ್ಲಿ ಆಗದ ಕೆಲಸ ಈ ಬಾಡಿಗೆಯ ಸಭಾಂಗಣದಲ್ಲಿ ಬೆರಳೆಣಿಕೆಯ ಕೆಲಸಗಾರರಿಂದ ಆಯಿತು.

ಇಲ್ಲಿ ರೂಪುಗೊಂಡ ಎರಡು ವಿನ್ಯಾಸಗಳು ಮುಖ್ಯವಾದವು. ಒಂದು, ಎರಡು ಸಿಲಿಂಡರ್‌ಗಳನ್ನು ನೇರ ಸಾಲಿನಲ್ಲಿ ಒಟ್ಟಿಗೆ ಎರಕ ಹೊಯ್ದ ಫೀನಿಕ್ಸ್ ಎಂಜಿನ್. ಇನ್ನೊಂದು, 1893ರ ಸಿಂಪರಣೆ ಕಾರ್ಬ್ಯುರೇಟರ್. ಹಳೆಯ ಆವಿ ಪಾತ್ರೆಗಳಲ್ಲಿ ಪೆಟ್ರೋಲಿನ ಹಗುರ ಅಂಶ ಮೊದಲು ಆವಿಯಾಗಿ, ಭಾರವಾದ ಅಂಶ ತಳದಲ್ಲಿ ಉಳಿಯುತ್ತಿತ್ತು. ಹವೆ ತಂಪಾದರೆ, ಗಾಡಿ ಕುಲುಕಿದರೆ ಮಿಶ್ರಣ ಕೆಡುತ್ತಿತ್ತು. ಮೇಬ್ಯಾಕ್ ಪೆಟ್ರೋಲನ್ನು ಆವಿಯಾಗಿಸಿ ಕೊಂಡೊಯ್ಯುವ ಕ್ರಮವನ್ನೇ ಬಿಟ್ಟರು. ತೇಲುಬುಂಡೆಯಿರುವ ಚಿಕ್ಕ ಕೋಣೆಯಲ್ಲಿ ಪೆಟ್ರೋಲಿನ ಮಟ್ಟವನ್ನು ಒಂದು ಸಣ್ಣ ಮೂತಿಯ ಬಾಯಿಗಿಂತ ತುಸು ಕೆಳಗೆ ಸ್ಥಿರವಾಗಿ ಇರಿಸಲಾಗುತ್ತದೆ. ಎಂಜಿನ್ ಗಾಳಿಯನ್ನು ಹೀರಿದಾಗ ಆ ಮೂತಿಯ ಸುತ್ತ ಒತ್ತಡ ಇಳಿದು ಪೆಟ್ರೋಲ್ ಸಣ್ಣ ಹನಿಗಳಾಗಿ ಗಾಳಿಗೆ ಚಿಮ್ಮುತ್ತದೆ. ಗಾಳಿ ಹೆಚ್ಚು ಹರಿದರೆ ಪೆಟ್ರೋಲೂ ಹೆಚ್ಚು. ಎಂಜಿನ್ನಿನ ವೇಗ ಬದಲಾದರೂ ಮಿಶ್ರಣ ಬಹುಮಟ್ಟಿಗೆ ಹದವಾಗಿಯೇ ಇರುತ್ತದೆ.

ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೊಶ್ ಚೊಂಕಾ ಅದೇ ವರ್ಷ, ಮೇಬ್ಯಾಕ್ ಅವರಿಗಿಂತ ಕೆಲವು ತಿಂಗಳ ಮೊದಲು, ಇಂಥದೇ ಸಾಧನಕ್ಕೆ ಪೇಟೆಂಟ್ ಕೋರಿದ್ದರು. ಆದ್ದರಿಂದ ಈ ಆವಿಷ್ಕಾರವನ್ನು ಮೇಬ್ಯಾಕ್ ಒಬ್ಬರಿಗೇ ಸಲ್ಲಿಸುವುದು ಸರಿಯಾಗದು. ಕಾರುಗಳಲ್ಲಿ ಅದು ಬೇಗನೆ ಬಳಕೆಗೆ ಬಂದದ್ದು ಮಾತ್ರ ಮೇಬ್ಯಾಕ್ ಅವರ ವಿನ್ಯಾಸದ ಮೂಲಕ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾಗಿ ಇಂಧನ ಚುಚ್ಚುವಿಕೆಯ ವ್ಯವಸ್ಥೆ ವ್ಯಾಪಕವಾಗುವವರೆಗೂ ನಮ್ಮ ಬಹುಪಾಲು ಸ್ಕೂಟರು, ಬೈಕುಗಳಲ್ಲಿದ್ದದ್ದು ಇದೇ ತತ್ತ್ವದ ಕಾರ್ಬ್ಯುರೇಟರ್. ಹಳೆಯ ಗಾಡಿಯ ಕಾರ್ಬ್ಯುರೇಟರ್ ಬಿಚ್ಚಿಸಿ ಕಸ ತೆಗೆಸಿದವರೆಲ್ಲರೂ ಆ ತೇಲುಬುಂಡೆಯನ್ನೂ ಸೂಜಿಗಾತ್ರದ ಮೂತಿಯನ್ನೂ ಕಂಡಿರುತ್ತಾರೆ.

1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಎಮಿಲ್ ಲೆವಾಸೋರ್ ಅವರು ಫೀನಿಕ್ಸ್ ಎಂಜಿನ್ನಿನ ಕಾರಿನಲ್ಲಿ ಸುಮಾರು 1,180 ಕಿ.ಮೀ. ದೂರವನ್ನು 48 ಗಂಟೆ 48 ನಿಮಿಷಗಳಲ್ಲಿ ಕ್ರಮಿಸಿ ಎಲ್ಲರಿಗಿಂತ ಮೊದಲು ಗುರಿ ತಲುಪಿದರು. ಆ ಎಂಜಿನ್ನಿನ ಶಕ್ತಿ ಕೇವಲ 4 ಅಶ್ವಶಕ್ತಿ.

ಮರಳಿಕೆ ಮತ್ತು ಮರ್ಸಿಡಿಸ್

ಅತ್ತ ಸಂಸ್ಥೆಯ ಸ್ಥಿತಿ ಹದಗೆಟ್ಟಿತ್ತು. ಸಂಸ್ಥೆಯಿಂದ ದೂರವಾಗಿದ್ದ ಡೈಮ್ಲರ್ ಮರಳಿದರೆ ಮಾತ್ರ ಬ್ರಿಟನ್ನಿನ ಪರವಾನಗಿಗಾಗಿ 3,50,000 ಮಾರ್ಕ್ ಕೊಡುವುದಾಗಿ ಫ್ರೆಡ್ರಿಕ್ ಸಿಮ್ಸ್ ಎಂಬ ಉದ್ಯಮಿ ಪಟ್ಟು ಹಿಡಿದರು. 1895ರ ನವೆಂಬರ್‌ನಲ್ಲಿ ಡೈಮ್ಲರ್ ಜೊತೆಗೆ ಮೇಬ್ಯಾಕ್ ಕೂಡ ತಾಂತ್ರಿಕ ನಿರ್ದೇಶಕರಾಗಿ ಹಿಂದಿರುಗಿದರು.

ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಶಾಖದ ಸಮಸ್ಯೆ ಎದುರಾಯಿತು. ನೀರನ್ನು ಕುದಿಸಿ ಆವಿಯಾಗಿಸಿ ಬಿಡುವುದೇ ಅಂದಿನ ರೂಢಿಯಾಗಿದ್ದರಿಂದ ಕಾರು ಹೆಚ್ಚಿನ ನೀರನ್ನು ಹೊರಬೇಕಿತ್ತು. ಮೇಬ್ಯಾಕ್ ಮೊದಲು ಕೊಳವೆಗಳ ರೇಡಿಯೇಟರನ್ನೂ, 1900ರಲ್ಲಿ ಜೇನುಗೂಡು ರೇಡಿಯೇಟರನ್ನೂ ರೂಪಿಸಿದರು. ಎರಡನೆಯದರಲ್ಲಿ 6 ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಒತ್ತಾಗಿ ಬೆಸೆಯಲಾಗಿತ್ತು. ಗಾಳಿ ಕೊಳವೆಗಳ ಒಳಗೆ, ನೀರು ಅವುಗಳ ನಡುವಿನ ಕಿರಿದಾದ ಸಂದುಗಳಲ್ಲಿ ಹರಿಯುತ್ತಿತ್ತು. ಸ್ವಲ್ಪವೇ ನೀರಿನಿಂದ ದೊಡ್ಡ ಎಂಜಿನ್ನನ್ನು ತಂಪಾಗಿಡಲು ಇದರಿಂದ ಸಾಧ್ಯವಾಯಿತು.

1900ರ ಮಾರ್ಚ್ 6ರಂದು ಡೈಮ್ಲರ್ ನಿಧನರಾದರು. ಅದೇ ವರ್ಷ ನೀಸ್ ನಗರದ ವರ್ತಕ ಎಮಿಲ್ ಯೆಲಿನೆಕ್ ಅವರು ಹಗುರವಾದ, ತಗ್ಗಿನ, ಬಲಶಾಲಿ ಕಾರುಗಳಿಗೆ ದೊಡ್ಡ ಬೇಡಿಕೆ ಸಲ್ಲಿಸಿ, ಅವುಗಳಿಗೆ ತಮ್ಮ ಮಗಳ ಹೆಸರಾದ ಮರ್ಸಿಡಿಸ್ ಎಂಬುದನ್ನು ಇಡಬೇಕೆಂದರು. ಮೇಬ್ಯಾಕ್ ಇದಕ್ಕಾಗಿ ಹೊಸ ನಾಲ್ಕು ಸಿಲಿಂಡರ್ ಎಂಜಿನ್ ರಚಿಸಿದರು. ಕ್ರ್ಯಾಂಕ್ ಪೆಟ್ಟಿಗೆ ಅಲ್ಯೂಮಿನಿಯಮ್ಮಿನದು. ಒಳಹರಿವಿನ ಕವಾಟಗಳೂ ಈಗ ಕ್ಯಾಮ್ ದಂಡದಿಂದಲೇ ತೆರೆಯುತ್ತಿದ್ದವು. ಡೈಮ್ಲರ್ ಅವರು ಕೊನೆಯವರೆಗೂ ಬಿಡಲೊಲ್ಲದ ಬಿಸಿ ನಳಿಕೆಯ ಬದಲು ಬಾಷ್ ಮ್ಯಾಗ್ನೆಟೋ ಕಿಡಿ ಕೊಡುತ್ತಿತ್ತು. ಸುಮಾರು 230 ಕಿಲೋಗ್ರಾಂ ತೂಗುವ ಈ ಎಂಜಿನ್ 35 ಅಶ್ವಶಕ್ತಿ ನೀಡಿತು. 1885ರ ಎಂಜಿನ್ನಿನಲ್ಲಿ ಒಂದು ಅಶ್ವಶಕ್ತಿಗೆ 120 ಕಿಲೋಗ್ರಾಂನಷ್ಟು ಲೋಹ ಬೇಕಾಗಿದ್ದರೆ, ಹದಿನೈದು ವರ್ಷಗಳ ಬಳಿಕ 7 ಕಿಲೋಗ್ರಾಂಗೂ ಕಡಿಮೆ ಸಾಕಾಯಿತು. 1901ರ ಮಾರ್ಚ್‌ನಲ್ಲಿ ನೀಸ್ ಓಟದ ಸಪ್ತಾಹದಲ್ಲಿ ಈ ಕಾರು ಎದುರಾಳಿಗಳನ್ನು ಹಿಂದಿಕ್ಕಿತು. ಫ್ರೆಂಚರು ಮೇಬ್ಯಾಕ್ ಅವರನ್ನು ವಿನ್ಯಾಸಕರ ರಾಜನೆಂದು ಕರೆದರು.

ಮೂಲೆಗುಂಪು ಮತ್ತು ನಿರ್ಗಮನ

ಈ ಮನ್ನಣೆ ಸಂಸ್ಥೆಯೊಳಗೆ ಅವರಿಗೆ ನೆರವಾಗಲಿಲ್ಲ. ಡೈಮ್ಲರ್ ಇಲ್ಲದ ಸಂಸ್ಥೆಯಲ್ಲಿ ಅವರ ಪರ ನಿಲ್ಲುವವರು ಇರಲಿಲ್ಲ. 1903ರಲ್ಲಿ ಅವರು ಅಸ್ವಸ್ಥರಾದ ಬಳಿಕ ವಿನ್ಯಾಸದ ಹೊಣೆ ಕ್ರಮೇಣ ಬೇರೆಯವರಿಗೆ, ಅದರಲ್ಲೂ ಗಾಟ್ಲೀಬ್ ಅವರ ಮಗ ಪೌಲ್ ಡೈಮ್ಲರ್ ಅವರಿಗೆ ಹೋಯಿತು. ಮೇಬ್ಯಾಕ್ ಅವರಿಗೆ ಆವಿಷ್ಕಾರಗಳ ವಿಭಾಗವೆಂಬ ಅಧಿಕಾರವಿಲ್ಲದ ಸ್ಥಾನ ಉಳಿಯಿತು. ಅಲ್ಲಿದ್ದುಕೊಂಡೇ ಅವರು 1906ರಲ್ಲಿ ಮೇಲ್ಗಡೆಯ ಕ್ಯಾಮ್ ದಂಡ, ಮೇಲಿನಿಂದ ಇಳಿಬಿದ್ದ ಕವಾಟಗಳಿರುವ ಆರು ಸಿಲಿಂಡರ್‌ಗಳ ಓಟದ ಎಂಜಿನ್ನನ್ನು ರಚಿಸಿದರು. ಮುಂದಿನ ದಶಕಗಳ ಎಂಜಿನ್ನುಗಳ ಸ್ವರೂಪ ಅದರಲ್ಲಿ ಆಗಲೇ ಕಾಣುತ್ತದೆ. 1907ರ ಏಪ್ರಿಲ್‌ನಲ್ಲಿ ಅವರು ಸಂಸ್ಥೆಯನ್ನು ತೊರೆದರು.

1908ರ ಆಗಸ್ಟ್ 5ರಂದು ಕೌಂಟ್ ಜೆಪ್ಪೆಲಿನ್ ಅವರ ನಾಲ್ಕನೆಯ ವಾಯುನೌಕೆ ಎಂಜಿನ್ ಕೆಟ್ಟದ್ದರಿಂದ ಎಕ್ಟರ್‌ಡಿಂಗನ್ ಬಳಿ ಇಳಿದಾಗ ಬಿರುಗಾಳಿಗೆ ಸಿಕ್ಕು ಸುಟ್ಟುಹೋಯಿತು. ವಾಯುನೌಕೆಗೆ ತಕ್ಕ ಎಂಜಿನ್ ರಚಿಸಿಕೊಡುವುದಾಗಿ ಮೇಬ್ಯಾಕ್ ಮುಂದೆ ಬಂದರು. ವಿನ್ಯಾಸ ಮಗ ಕಾರ್ಲ್ ಅವರದು. 1909ರಲ್ಲಿ ಬಿಸ್ಸಿಂಗನ್‌ನಲ್ಲಿ ಇದಕ್ಕಾಗಿ ಹೊಸ ಸಂಸ್ಥೆ ಆರಂಭವಾಗಿ, 1912ರಲ್ಲಿ ಫ್ರೀಡ್ರಿಕ್ಸ್‌ಹಾಫನ್‌ಗೆ ಸ್ಥಳಾಂತರಗೊಂಡು, 1918ರಲ್ಲಿ ಮೇಬ್ಯಾಕ್ ಮೋಟೋರೆನ್‌ಬೌ ಎಂಬ ಹೆಸರು ಪಡೆಯಿತು. ಎಪ್ಪತ್ತು ದಾಟಿದ ಮೇಲೆ ಅವರ ಹೆಸರು ಮೊದಲ ಬಾರಿಗೆ ಕಾರ್ಖಾನೆಯೊಂದರ ಫಲಕವನ್ನು ಕಂಡಿತು. ಯುದ್ಧದ ಬಳಿಕ ವಿಮಾನದ ಎಂಜಿನ್ ತಯಾರಿಕೆಗೆ ನಿರ್ಬಂಧ ಬಂದಾಗ ಈ ಸಂಸ್ಥೆ 1921ರಿಂದ ಐಷಾರಾಮಿ ಕಾರುಗಳತ್ತ ತಿರುಗಿತು. ಇಂದು ಮೇಬ್ಯಾಕ್ ಎಂದರೆ ಜನರಿಗೆ ನೆನಪಾಗುವುದು ಆ ದುಬಾರಿ ಕಾರುಗಳೇ. ಅವುಗಳನ್ನು ರೂಪಿಸಿದ್ದು ಮಗ ಕಾರ್ಲ್, ತಂದೆಯಲ್ಲ.

ಗೌರವಗಳು ಮತ್ತು ನಿಧನ

ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯವು 1916ರಲ್ಲಿ ಇವರಿಗೆ ಗೌರವ ಡಾಕ್ಟರೇಟ್ ಪದವಿ ನೀಡಿತು. 1929ರ ಡಿಸೆಂಬರ್ 29ರಂದು ತಮ್ಮ 83ನೆಯ ವಯಸ್ಸಿನಲ್ಲಿ ಅವರು ಸ್ಟುಟ್‌ಗಾರ್ಟ್‌ನಲ್ಲಿ ನಿಧನರಾದರು. ಕಾನ್‌ಸ್ಟಾಟ್‌ನ ಉಫ್ ಕಿರ್ಖೋಫ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಗಾಟ್ಲೀಬ್ ಡೈಮ್ಲರ್ ಅವರ ಸಮಾಧಿಯೂ ಅಲ್ಲಿಯೇ ಇದೆ. ಅವರು ಮಗನೊಂದಿಗೆ ಕಟ್ಟಿದ ಸಂಸ್ಥೆಯನ್ನು 1960ರಲ್ಲಿ ಡೈಮ್ಲರ್-ಬೆಂಝ್ ಕೊಂಡುಕೊಂಡಿತು.